ಮುರಿದ ಮೂರು ಡ್ರಿಲ್ ಬಿಟ್

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಾನು 35 ವರ್ಷ ಬೆಂಗಳೂರಿನ ಟೂಲ್‌ರೂಮುಗಳಲ್ಲಿ ಡೈ, ಜಿಗ್, ಫಿಕ್ಸ್ಚರ್ ಮಾಡಿಕೊಂಡು ಬದುಕಿದ ಫಿಟ್ಟರ್. ಈಗ ತಿಪಟೂರು ಸೀಮೆಯ ನನ್ನ ಊರಿಗೆ ಬಂದು ಕೂತಿದ್ದೇನೆ. ಸ್ವಲ್ಪ ತೆಂಗು, ಜಗಲಿಯ ಮೂಲೆಯಲ್ಲೊಂದು ಬೆಂಚ್ ವೈಸ್, ಬೇಕಾದಷ್ಟು ಬಿಡುವು. ತಮ್ಮಿಂದ ನನಗೆ ಒಂದು ಸುತ್ತೋಲೆ ಬೇಕಾಗಿದೆ. ಏನು, ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಿನಿಂದ ಕೇಳಬೇಕು.

ಎರಡು ವರ್ಷದ ಕೆಳಗೆ ಪಕ್ಕದೂರಿನ ಸರ್ಕಾರಿ ಪ್ರೌಢಶಾಲೆಯ ಹೆಡ್‌ಮಾಸ್ಟರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, “ನಮ್ಮಲ್ಲೊಂದು ಮಿಷಿನ್ ಕೆಟ್ಟು ಕೂತಿದೆ, ಒಂದ್ಸಲ ಬಂದು ನೋಡ್ತೀರಾ?” ಎಂದರು. ಹೋದೆ. ಒಂದು ಕಂಪನಿ ತನ್ನ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಮಾಡಿಸಿಕೊಟ್ಟ ಲ್ಯಾಬ್ ಅದು. ಬಾಗಿಲಿಗೆ ಎರಡು ಬೀಗ. ಒಂದರ ಕೀಲಿ ಹೆಡ್‌ಮಾಸ್ಟರ ಹತ್ತಿರ, ಇನ್ನೊಂದರದು ವಿಜ್ಞಾನದ ಮೇಡಂ ಹತ್ತಿರ. ಒಳಗೆ ಗೋಡೆ ತುಂಬ ರಾಕೆಟ್ಟು, ರೋಬೋಟಿನ ಚಿತ್ರ. ಕಪಾಟಿನಲ್ಲಿ ಸೀಲು ಒಡೆಯದ ಕಿಟ್‌ಗಳು. ಮೂಲೆಯಲ್ಲಿ ಒಂದು 3ಡಿ ಪ್ರಿಂಟರ್, ಅದರ ಮೇಲೆ ಕಸೂತಿ ಹಾಕಿದ ಟೇಬಲ್ ಬಟ್ಟೆ.

ಬಟ್ಟೆ ಸರಿಸಿ ನೋಡಿದರೆ ನಾಝಲ್ ಕಟ್ಟಿಕೊಂಡಿತ್ತು, ಅಷ್ಟೆ. ಪ್ಲಾಸ್ಟಿಕ್ ದಾರದ ಸುರುಳಿ ಎರಡು ಮಳೆಗಾಲದ ತೇವ ಕುಡಿದು, ಮುಟ್ಟಿದರೆ ಒಣಶಾವಿಗೆಯ ಹಾಗೆ ಲಟಕ್ಕನೆ ಮುರಿಯುತ್ತಿತ್ತು. ನಾಝಲ್ ಕಾಯಿಸಿ, ಸಣ್ಣ ತಂತಿ ತೂರಿಸಿ ಒಳಗೆ ಅಂಟಿದ್ದನ್ನು ಎಳೆದು ತೆಗೆದೆ. ಅರ್ಧ ಗಂಟೆಯ ಕೆಲಸ. ಇದಕ್ಕಾಗಿ ಆ ಯಂತ್ರ 14 ತಿಂಗಳು ಬಟ್ಟೆ ಹೊದ್ದು ಕೂತಿತ್ತು.

ಕಿಟ್ ಯಾಕೆ ಒಡೆದಿಲ್ಲ ಎಂದು ಕೇಳಿದೆ. ಮೇಡಂ ಸೋಮಾರಿಯಲ್ಲ; ಮೂರು ತರಗತಿಗೆ ಪಾಠ ಮಾಡಿ, ಬಿಸಿಯೂಟದ ಲೆಕ್ಕ ಬರೆದು, ಅದರ ಮೇಲೆ ಈ ಕೀಲಿಯನ್ನೂ ಹೊತ್ತವರು. ಅವರು ಮೇಜಿನ ಡ್ರಾಯರಿನಿಂದ ಒಂದು ದಪ್ಪ ಪುಸ್ತಕ ತೆಗೆದು ತೋರಿಸಿದರು. ಸ್ಟಾಕ್ ರಿಜಿಸ್ಟರ್. ಪ್ರತಿಯೊಂದು ಮೋಟರು, ಸೆನ್ಸರು, ಸ್ಕ್ರೂಡ್ರೈವರಿಗೂ ಒಂದೊಂದು ಸಾಲು. “ಮುರಿದ್ರೆ ಯಾರು ಕಟ್ಟೋದು ಸಾರ್? ಆಡಿಟ್‌ನವರು ಬಂದಾಗ ಲೆಕ್ಕಕ್ಕೆ ಸರಿಯಾಗಿ ಇರ್ಬೇಕಲ್ಲ.”

ಸಚಿವರೇ, ಕಾರ್ಖಾನೆಯಲ್ಲಿ ಇದು ತಲೆಕೆಳಗು. ವರ್ಷವಾದರೂ ಸವೆಯದ ಉಪಕರಣ ಇದ್ದರೆ, ಇದನ್ನು ತರಿಸಿದ ಪುಣ್ಯಾತ್ಮ ಯಾರು ಎಂದು ಫೋರ್‌ಮನ್ ಕೇಳುತ್ತಾನೆ. ಪ್ರತಿ ಮಿಷಿನ್ ಪಕ್ಕದಲ್ಲೂ ಕೆಂಪು ಬಣ್ಣದ ರಿಜೆಕ್ಷನ್ ಬಿನ್ ಇರುತ್ತದೆ. ಹೊಸ ಹುಡುಗನ ಮೊದಲ ತಿಂಗಳ ಕೆಲಸವೆಲ್ಲ ಅಲ್ಲಿಗೇ. ಸಂಜೆ ಸೂಪರ್‌ವೈಸರು ಅದರಿಂದ ಒಂದೊಂದೇ ಪೀಸು ಎತ್ತಿ, ಇದು ಯಾಕೆ ಹೀಗಾಯಿತು ಎಂದು ಕೇಳುತ್ತಿದ್ದರು. ನಾನು ಕಲಿತದ್ದರಲ್ಲಿ ಅರ್ಧ ಆ ಡಬ್ಬಿಯಿಂದ. ನಮ್ಮ ಶಾಲೆಗೆ ಕಂಪನಿ ಯಂತ್ರ ಕೊಟ್ಟಿತು, ಕಿಟ್ ಕೊಟ್ಟಿತು, ಗೋಡೆಗೆ ಬಣ್ಣ ಹೊಡೆಸಿತು. ಆ ಕೆಂಪು ಡಬ್ಬಿಯನ್ನು ಮಾತ್ರ ಕೊಡಲಿಲ್ಲ.

ಶನಿವಾರ ಶನಿವಾರ ಹೋಗತೊಡಗಿದೆ. ಮೊದಲ ಎರಡು ವಾರ ಮಕ್ಕಳು ಕಿಟ್‌ನ ಪುಸ್ತಕ ನೋಡಿಕೊಂಡು ಗೆರೆ ಹಿಡಿದು ಓಡುವ ಗಾಡಿ ಜೋಡಿಸಿದರು, ಅದು ಓಡಿತು, ಚಪ್ಪಾಳೆ ಹೊಡೆದರು, ಬಿಚ್ಚಿ ಪೆಟ್ಟಿಗೆಗೆ ಹಾಕಿದರು. ಮೂರನೇ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, “ಸಾರ್, ನಮ್ಮಜ್ಜಿ ಅಟ್ಟ ಹತ್ತೋದು ನಿಲ್ಲಿಸ್ಬೇಕು, ಏನಾದ್ರೂ ಮಾಡೋಕಾಗುತ್ತಾ?” ಎಂದಳು.

ನಮ್ಮ ಕಡೆಯ ಮನೆಗಳ ಅಟ್ಟ ತಮಗೆ ಗೊತ್ತಿರಬಹುದು. ಉಂಡೆ ಕೊಬ್ಬರಿಗೆ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ವರ್ಷ ಹತ್ತಿರ ಬಂದಾಗ ಎತ್ತಿ ಅಲ್ಲಾಡಿಸಿದರೆ ನೀರೆಲ್ಲ ಇಂಗಿ ಒಳಗೆ ಗಿಟುಕು ಉರುಳುವ ಸದ್ದು ಕೇಳುತ್ತದೆ. ಹತ್ತಿಸುವಾಗ ಆಳು ಸಿಗುತ್ತಾರೆ. ನಡುವೆ ನಾಲ್ಕು ನಾಲ್ಕು ಚೀಲ ಇಳಿಸಿ ನೋಡುವುದು, ಬಲಿಯದ್ದನ್ನು ಮತ್ತೆ ಏರಿಸುವುದು ಮನೆಯ ಹೆಂಗಸರ ಪಾಲು. ಅಜ್ಜಿ ಏಣಿಯಿಂದ ಒಮ್ಮೆ ಬಿದ್ದಿದ್ದರು.

ಆರು ಮಕ್ಕಳು ಆ ಮನೆಗೆ ಹೋಗಿ ಅಳೆದು ಬಂದರು. ಅಟ್ಟದ ಎತ್ತರ 9 ಅಡಿ. 30 ಕಾಯಿಯ ಚೀಲ 22 ಕೆಜಿ. ಎರಡು ರಾಟೆ ಹಾಕಿ, ಒಂದು ಚೀಲದ ಜೊತೆಗೇ ಏರುವಂತೆ ಮಾಡಿದರೆ ಭಾರ ಅರ್ಧವಾಗುತ್ತದೆ ಎಂದು ಓದಿದ್ದರು, ಹಾಕಿದರು. ಹಗ್ಗವನ್ನು ಎರಡರಷ್ಟು ಎಳೆಯಬೇಕಾಗುತ್ತದೆ ಎಂಬುದು ಅಜ್ಜಿಯ ಕೈಗೆ ಗೊತ್ತಾಯಿತು. ಅರ್ಧ ಎಳೆದು ದಣಿದು, “ಒಂಚೂರು ತಡೀರೋ, ಉಸಿರು ತಗೋತೀನಿ” ಎಂದು ಹಗ್ಗ ಸಡಿಲ ಬಿಟ್ಟರು. ಚೀಲ ದಡಾರನೆ ಕೆಳಗೆ. ಯಾರ ಕಾಲ ಮೇಲೂ ಬೀಳಲಿಲ್ಲ.

ಹಾಗಾಗಿ ಹಗ್ಗ ಸುತ್ತಲು ಕೈಹಿಡಿಯಿರುವ ಒಂದು ಉರುಳೆ ಬೇಕು, ಬಿಟ್ಟಲ್ಲೇ ನಿಲ್ಲುವಂತೆ ಅದಕ್ಕೆ ಒಂದು ರ‍್ಯಾಚೆಟ್ ಬೇಕು ಎಂದಾಯಿತು. ಹಲ್ಲಿನ ಗಾಲಿ, ಅದಕ್ಕೆ ತಗಲುವ ನಾಲಗೆ. ರಟ್ಟಿನಲ್ಲಿ ಕತ್ತರಿಸಿ ನೋಡಿ, ಪ್ರಿಂಟರಿನಲ್ಲಿ ಮಾಡಿದರು. ಮೊದಲ ಚೀಲಕ್ಕೇ ಹಲ್ಲು ಕಿತ್ತು ಬಂತು. ಮುರಿದ ಜಾಗವನ್ನು ಬೆಳಕಿಗೆ ಹಿಡಿದ ಹುಡುಗನೊಬ್ಬ, “ಪದರ ಪದರವಾಗಿ ಬಿಚ್ಚಿಕೊಂಡಿದೆ ಸಾರ್, ಪರೋಟ ಥರ” ಎಂದ. ಪ್ರಿಂಟರು ಪದರದ ಮೇಲೆ ಪದರ ಹಾಕುತ್ತಾ ಹೋಗುತ್ತದೆ, ಪದರಗಳ ನಡುವಿನ ಹಿಡಿತವೇ ಅದರ ಬಲಹೀನ ಜಾಗ. ನಿಲ್ಲಿಸಿ ಮಾಡಿದ್ದನ್ನು ಮಲಗಿಸಿ ಮಾಡಿದರು. ನಾಲ್ಕು ದಿನ ಬಾಳಿತು.

ಆಮೇಲೆ ಒಂದು ವೆಲ್ಡಿಂಗ್ ಅಂಗಡಿಯಲ್ಲಿ 5 ಎಂಎಂ ಪ್ಲೇಟು ಕತ್ತರಿಸಿ ತಂದು ತೂತು ಕೊರೆಯಲು ಕೂತೆವು. ಲ್ಯಾಬಿನ ಡ್ರಿಲ್ ಬಿಟ್‌ಗಳು ಮುರಿದದ್ದು ಆಗ. ಬಿಟ್ ಆಚೆ ಬದಿಗೆ ಹೊರಬೀಳುವ ಹೊತ್ತಿಗೆ ಕೈ ಹಗುರ ಮಾಡಬೇಕು, ಮಾಡಲಿಲ್ಲ, ಒಂದು ಹೋಯಿತು. ಪ್ಲೇಟನ್ನು ವೈಸಿಗೆ ಬಿಗಿಯದೆ ಕೈಯಲ್ಲೇ ಹಿಡಿದಿದ್ದರು, ಅದು ಗಿರ್ರನೆ ತಿರುಗಿತು, ಎರಡನೆಯದು ಹೋಯಿತು. ಆ ದಿನ ನಾನು ಜೋರಾಗಿಯೇ ಬೈದೆ, ಬೆರಳು ಹೋಗುವ ಕೆಲಸವದು. ಮೂರನೆಯದು ಹೇಗೆ ಮುರಿಯಿತೆಂದು ಇವತ್ತಿಗೂ ಯಾರೂ ಬಾಯಿಬಿಟ್ಟಿಲ್ಲ.

ಇಷ್ಟೆಲ್ಲ ಆದ ಮೇಲೆ ಶಾಲೆಯ ಎದುರಿನ ಪಂಕ್ಚರ್ ಅಂಗಡಿಯವನು ಒಂದು ದಿನ ಒಳಗೆ ಇಣುಕಿ ನೋಡಿ, “ಇದು ಸೈಕಲ್ ಫ್ರೀವೀಲ್ ಒಳಗೇ ಇದೆಯಲ್ಲ ಸ್ವಾಮಿ!” ಎಂದ. ಹೌದು, ಇದೆ. ಪೆಡಲ್ ಹಿಂದಕ್ಕೆ ತುಳಿದಾಗ ಟಿಕ್ ಟಿಕ್ ಎನ್ನುವುದು ಅದೇ ನಾಲಗೆ. 35 ವರ್ಷ ಟೂಲ್‌ರೂಮಿನಲ್ಲಿದ್ದ ನನಗೆ ಹೊಳೆದಿರಲಿಲ್ಲ. ಮಕ್ಕಳು ನನ್ನ ಮುಖ ನೋಡಿ ನಕ್ಕಿದ್ದೇ ನಕ್ಕಿದ್ದು. ಕೈಗಾರಿಕೆಯ ಸಹಯೋಗ ಎಂದು ತಮ್ಮ ಕಡತಗಳಲ್ಲಿ ಬರೆಯುತ್ತಾರಲ್ಲ, ಅವತ್ತು ಅದು ನಮಗೆ ಸಿಕ್ಕಿದ್ದು ಆ ಅಂಗಡಿಯಿಂದ, ಬಿಟ್ಟಿಯಾಗಿ.

ಕಾರ್ಖಾನೆಯವರು ಶಾಲೆಗೆ ನೆರವಾಗಬೇಕೆನ್ನುವುದು ಹೊಸ ಮಾತಲ್ಲ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅಧ್ಯಕ್ಷತೆಯ ಪ್ರೌಢಶಿಕ್ಷಣ ಆಯೋಗ 1953ರಲ್ಲೇ ತಾಂತ್ರಿಕ ಶಾಲೆಗಳು ಕೈಗಾರಿಕೆಗಳ ಹತ್ತಿರ ಇರಬೇಕು, ಕೈಗಾರಿಕೆಗಳ ಮೇಲೆ ಶಿಕ್ಷಣದ ಸೆಸ್ ಹಾಕಬೇಕು ಎಂದಿತ್ತು. ಆ ಆಯೋಗದ ಮಾತಿನಿಂದ ಹುಟ್ಟಿದ ವಿವಿಧೋದ್ದೇಶ ಪ್ರೌಢಶಾಲೆಗಳಲ್ಲಿ ವರ್ಕ್‌ಶಾಪ್ ಇರುತ್ತಿತ್ತು, ಅದಕ್ಕೊಬ್ಬ ಮೇಷ್ಟ್ರೂ ಇರುತ್ತಿದ್ದರು. ನಮ್ಮ ಮಿಡ್ಲ್ ಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರು ಇದ್ದರು. ತಕಲಿಯಲ್ಲಿ ನೂಲು ತೆಗೆಯುವುದು, ಹಂಜಿ ಹರಿದರೆ ಏಟು. ನೂತ ನೂಲು ಏನಾಯಿತೋ, ಆದರೆ ದಾರ ಯಾವ ಸೆಳೆತಕ್ಕೆ ಹರಿಯುತ್ತದೆ ಎಂದು ಬೆರಳಿಗೆ ಗೊತ್ತಾಯಿತು. 1977ರ ನಂತರ ಸಮಾಜೋಪಯೋಗಿ ಉತ್ಪಾದಕ ಕೆಲಸ (ಎಸ್‌ಯುಪಿಡಬ್ಲ್ಯು) ಎಂಬ ಉದ್ದ ಹೆಸರು ಬಂತು. ಅದರ ಪೀರಿಯಡ್ಡಿನಲ್ಲಿ ಮಕ್ಕಳು ಮೈದಾನದ ಕಲ್ಲು ಹೆಕ್ಕಿದ್ದೇ ಹೆಚ್ಚು.

ಈಗಿನದಕ್ಕೆ ಬರುತ್ತೇನೆ. ನೀತಿ ಆಯೋಗ 2016ರಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್‌ಗಳನ್ನು ಶುರುಮಾಡಿತು. ಆಯ್ಕೆಯಾದ ಶಾಲೆಗೆ 20 ಲಕ್ಷದವರೆಗೆ ಅನುದಾನ. 10 ಲಕ್ಷ ಸಲಕರಣೆಗೆ, 10 ಲಕ್ಷ ಐದು ವರ್ಷದ ನಿರ್ವಹಣೆಗೆ. ನಿರ್ವಹಣೆಗೆಂದು ಪ್ರತ್ಯೇಕ ಹಣ ಇಟ್ಟದ್ದು ಬುದ್ಧಿವಂತಿಕೆಯ ಕೆಲಸ. 2025ರ ಕೇಂದ್ರ ಬಜೆಟ್ಟಿನಲ್ಲಿ ಇನ್ನೈದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ 50,000 ಲ್ಯಾಬ್ ಎಂದಿದ್ದಾರೆ. ಜೊತೆಗೆ 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಲಾಭದ 2% ಸಾಮಾಜಿಕ ಕೆಲಸಕ್ಕೆ ಹಾಕಲೇಬೇಕು. ಅಂದರೆ ಲ್ಯಾಬ್ ಕೊಡುತ್ತೇವೆ ಎನ್ನುವವರು ತಮ್ಮ ಕಚೇರಿಗೆ ಇನ್ನೂ ಬರುತ್ತಾರೆ. ಬರಲಿ. ಆದರೆ ಸಿಎಸ್‌ಆರ್ ನಿಯಮದಲ್ಲಿ ಮುಂದುವರಿಯುವ ಯೋಜನೆಗೆ ಶುರುವಾದ ವರ್ಷ ಬಿಟ್ಟು ಮೂರೇ ವರ್ಷ ಗಡುವು. ಎಂಟನೇ ತರಗತಿಗೆ ಬಂದ ಮಗು ಎಸ್‌ಎಸ್‌ಎಲ್‌ಸಿ ಮುಗಿಸುವ ಹೊತ್ತಿಗೆ ಕಂಪನಿಯ ಲೆಕ್ಕವೂ ಮುಗಿಯುತ್ತದೆ. ಆಮೇಲೆ ಉಳಿಯುವುದು ತಾವು, ಹೆಡ್‌ಮಾಸ್ಟರು, ಎರಡು ಬೀಗ. ಕಂಪನಿಯ ಆಸುಪಾಸಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಆ ಕಾಯ್ದೆಯಲ್ಲಿದೆ. ದೊಡ್ಡ ಕಂಪನಿಗಳು ಕಡಿಮೆಯಿರುವ ಯಾದಗಿರಿಯ ಶಾಲೆಯವರು ಯಾರ ಆಸುಪಾಸಿಗೆ ಹೋಗಬೇಕು, ತಾವೇ ಯೋಚಿಸಿ.

ಹಣವೊಂದಿದ್ದರೆ ಸಾಲದು, ಪಠ್ಯದಲ್ಲೂ ಜಾಗ ಬೇಕು. ಇಂಗ್ಲೆಂಡಿನಲ್ಲಿ 1990ರಲ್ಲಿ ಡಿಸೈನ್ ಮತ್ತು ಟೆಕ್ನಾಲಜಿಯನ್ನು ಶಾಲೆಯ ಎಲ್ಲ ಮಕ್ಕಳಿಗೂ ಪಠ್ಯವಿಷಯವಾಗಿ ಮಾಡಿದರು. 2004ರಲ್ಲಿ 14 ದಾಟಿದ ಮಕ್ಕಳಿಗೆ ಕಡ್ಡಾಯವಲ್ಲ ಎಂದರು. ಅಲ್ಲಿಂದ ಮುಂದೆ ಪರೀಕ್ಷೆಗೆ ಕೂರುವವರು ಬಹಳ ಇಳಿದರು, ಕಲಿಸುವವರೂ ಕಡಿಮೆಯಾದರು. ಡೈಸನ್‌ನಂಥ ಕಂಪನಿಯ ಪ್ರತಿಷ್ಠಾನ ಶಾಲೆಗಳಿಗೆ ಹಣ, ಯಂತ್ರ, ಎಂಜಿನಿಯರುಗಳನ್ನು ಕೊಟ್ಟರೂ ದೇಶದ ಲೆಕ್ಕದಲ್ಲಿ ಇಳಿತ ನಿಲ್ಲಲಿಲ್ಲ. ನಮ್ಮಲ್ಲೂ ಎಸ್‌ಎಸ್‌ಎಲ್‌ಸಿಯ ಒಟ್ಟು ಅಂಕದಲ್ಲಿ ಆ ಅಜ್ಜಿಯ ಉರುಳೆಗೆ ಒಂದು ಅಂಕವೂ ಇಲ್ಲ. ಕೆಲವು ಶಾಲೆಗಳಲ್ಲಿ ಮೂರನೇ ಭಾಷೆಯ ಬದಲು ಎನ್‌ಎಸ್‌ಕ್ಯುಎಫ್ ಯೋಜನೆಯ ವೃತ್ತಿ ವಿಷಯ ತೆಗೆದುಕೊಳ್ಳಬಹುದು, ಸರಿ. ಆದರೆ ಅದು ಒಂದು ವೃತ್ತಿಗೆ ತಯಾರಿ. ನಾನು ಹೇಳುವುದು ಬ್ಯಾಂಕಿನ ಕೆಲಸಕ್ಕೆ ಹೋಗುವ ಹುಡುಗಿಗೂ ಬೇಕಾದ್ದು. ಕೇಂದ್ರದ ಶಿಕ್ಷಣ ನೀತಿ ಎನ್‌ಇಪಿಯೋ ರಾಜ್ಯದ ಎಸ್‌ಇಪಿಯೋ, ಆ ಜಗಳ ದೊಡ್ಡವರಿಗಿರಲಿ. ವಾರಕ್ಕೆ ಎರಡು ಪೀರಿಯಡ್ ಒಟ್ಟಿಗೆ ಸಿಕ್ಕರೆ ಸಾಕು. ಒಂದೇ ಪೀರಿಯಡ್ಡಿನಲ್ಲಿ ಸಾಮಾನು ಹೊರಗೆ ತೆಗೆದು ಒಳಗಿಡುವುದಷ್ಟೇ ಆಗುತ್ತದೆ.

ಕಂಪನಿಯವರು ಒಪ್ಪಂದಕ್ಕೆ ಸಹಿ ಹಾಕಲು ಬಂದಾಗ ಕಿಟ್‌ನ ಪಟ್ಟಿಗಿಂತ ಮೊದಲು ಒಬ್ಬ ಮನುಷ್ಯನ ಹೆಸರು ಕೇಳಿ. ತಿಂಗಳಿಗೆ ಎರಡು ಶನಿವಾರ ಬರುವವನು, ಮ್ಯಾನೇಜರಲ್ಲ, ಕೈಗೆ ಗ್ರೀಸು ಹತ್ತಿದವನು. ಪೀಣ್ಯ, ವಸಂತನರಸಾಪುರದ ಕೈಗಾರಿಕಾ ಪ್ರದೇಶಗಳಲ್ಲಿ ಅಂಥವರು ಸಾವಿರಾರು ಮಂದಿ ಇದ್ದಾರೆ. ನಿವೃತ್ತರಾಗಿ ಊರಿಗೆ ಮರಳಿದ ನನ್ನಂಥವರೂ ಕಡಿಮೆಯಿಲ್ಲ. ಬಸ್ ಚಾರ್ಜು, ಊಟಕ್ಕೆ ಶಾಲಾಭಿವೃದ್ಧಿ ಸಮಿತಿಯಿಂದಲೇ (ಎಸ್‌ಡಿಎಂಸಿ) ಕೊಡಬಹುದು. ಕಾರ್ಖಾನೆಯ ಗುಜರಿಯನ್ನೂ ಕೇಳಿ. ಸವೆದ ಬೇರಿಂಗು, ತುಂಡು ಪ್ಲೇಟು, ಕೆಟ್ಟ ಮಿಕ್ಸಿ ಮೋಟರು. ಬಿಚ್ಚಿ ನೋಡಲು ಹೊಸ ಕಿಟ್‌ಗಿಂತ ಅವೇ ಒಳ್ಳೆಯವು. ಬಿಚ್ಚಲು ಯಾರೂ ಹೆದರುವುದಿಲ್ಲ.

ಮೊದಲಿಗೆ ಹೇಳಿದ ಸುತ್ತೋಲೆ ಇಷ್ಟೆ: ಲ್ಯಾಬಿನ ಸಣ್ಣ ಸಾಮಾನನ್ನೆಲ್ಲ ಸೀಮೆಸುಣ್ಣದ ಹಾಗೆ, ಮುಗಿಯುವ ಸಾಮಾನು ಎಂದು ಬರೆದುಕೊಳ್ಳಬಹುದು, ಪಾಠ ಮಾಡುವಾಗ ಮುರಿದದ್ದಕ್ಕೆ ಶಿಕ್ಷಕರಿಂದ ವಸೂಲಿ ಇಲ್ಲ. ಸುರಕ್ಷತೆಗೆ ಕನ್ನಡಕ, ವೈಸು, ದೊಡ್ಡವರೊಬ್ಬರ ಹಾಜರಿ ಕಡ್ಡಾಯ ಎಂದು ಅದರಲ್ಲೇ ಸೇರಿಸಿ.

ಉರುಳೆ ಈಗ ಅಜ್ಜಿಯ ಮನೆಯಲ್ಲಿದೆ, ಫ್ರೀವೀಲ್ ಹಾಕಿದ್ದು. ಒಂದು ಕಡೆ ಸ್ವಲ್ಪ ವಾಲುತ್ತದೆ, ಸರಿಮಾಡಬೇಕು. ಮುರಿದ ಡ್ರಿಲ್ ಬಿಟ್‌ಗಳ ಬದಲಿಗೆ ಹೊಸವು ಮೂರು ನಾನೇ ತಂದುಕೊಟ್ಟೆ, 240 ರೂಪಾಯಿ. ಆದರೆ ರಿಜಿಸ್ಟರಿನಲ್ಲಿ ಹಳೆಯವನ್ನು ಹೊಡೆದುಹಾಕಲು ಹೆಡ್‌ಮಾಸ್ಟರಿಗೆ ಧೈರ್ಯವಿಲ್ಲ. ತುಂಡುಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ದಿನಾಂಕ ಬರೆದು, ಮೇಡಂ ಸಹಿ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ. ತಮ್ಮ ಆದೇಶ ಬಂದ ದಿನ ಅದನ್ನು ಗುಜರಿಗೆ ಹಾಕುತ್ತೇನೆ ಎಂದಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಫಿಟ್ಟರ್
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ