ಮಗು ಡೊಂಕೋ, ಶಾಲೆ ಡೊಂಕೋ?

“ನಿಮ್ಮ ಹುಡುಗ ತರಗತಿಗೆ ಭಾರವಾಗಿದ್ದಾನೆ. ಟ್ಯೂಷನ್ನಿಗೆ ಹಾಕಿ, ಇಲ್ಲದಿದ್ದರೆ ಟಿ.ಸಿ. ತೆಗೆದುಕೊಂಡು ಹೋಗಿ.”

ವಿಜಯವಾಡದ ಗವರ್ನರ್‌ಪೇಟೆಯಲ್ಲಿ ಮನೆಪಾಠ ಹೇಳಿ ಹೊಟ್ಟೆ ಹೊರೆಯುವ ನನ್ನ ಬಳಿಗೆ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರು ಈ ಮಾತನ್ನು ಕೇಳಿಯೇ ಬಂದವರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಲಿಸಲಾರದ ಶಾಲೆ ಈಗ ಮಗುವೇ ಡೊಂಕು ಎನ್ನುತ್ತಿದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆ ಡೊಂಕನ್ನು ತಿದ್ದುವ ಖರ್ಚನ್ನೂ ದುಡಿಯುವ ತಂದೆಯ ತಲೆಗೇ ಕಟ್ಟುತ್ತಿದೆ. ಇದು ಅನ್ಯಾಯ ಮಾತ್ರವಲ್ಲ, ಕಾನೂನಿಗೂ ವಿರುದ್ಧ ಎಂಬುದನ್ನು ತೋರಿಸುವುದಕ್ಕಾಗಿಯೇ ಈ ಲೇಖನ.

ಮುಂಬಯಿಯ ಕಾರ್ಮಿಕ ಬಂಧುಗಳಿಗೆ ಗವರ್ನರ್‌ಪೇಟೆಯ ಗೊಡವೆ ಏಕೆ ಎಂದು ಯಾರಾದರೂ ಕೇಳಬಹುದು. ನನ್ನ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದರು. ನನ್ನ ತಂದೆ ವಿಜಯವಾಡಕ್ಕೆ ಹೋಗಿ ಹೋಟೆಲಿನಲ್ಲಿಯೇ ಸಪ್ಲೈಯರ್ ಆದರು. ಊರು ಎರಡಾದರೂ ಬದುಕು ಒಂದೇ. ದೊಡ್ಡಪ್ಪ ಹಗಲೆಲ್ಲ ದುಡಿದು ಮುಂಬಯಿಯ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತರು. ನಾನು ತೆಲುಗು ಮಾಧ್ಯಮದಲ್ಲಿ ಓದಿ, ಕೆಲವು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಮೇಷ್ಟ್ರಾಗಿದ್ದು, ಅಲ್ಲಿ ಹಿಂದಿನ ಬೆಂಚಿಗೆ ತಳ್ಳಲ್ಪಟ್ಟ ಮಕ್ಕಳನ್ನು ಕಂಡ ಮೇಲೆ ವಿಶೇಷ ಶಿಕ್ಷಣದ ತರಬೇತಿ ಪಡೆದು ಈ ಕೆಲಸಕ್ಕೆ ಇಳಿದವನು. ಹದಿನೈದು ವರ್ಷಗಳಾದವು.

ಅಕ್ಷರ ಕೂಡಿಸಿ ಓದಲು ಬಾರದ ಡಿಸ್ಲೆಕ್ಸಿಯಾದ ಮಕ್ಕಳು, ಕೂತಲ್ಲಿ ಕೂರಲಾಗದ ಎ.ಡಿ.ಎಚ್.ಡಿ.ಯ ಮಕ್ಕಳು, ಗದ್ದಲ ತಾಳಲಾರದೆ ಕಿವಿ ಮುಚ್ಚಿಕೊಳ್ಳುವ ಆಟಿಸಂನ ಮಕ್ಕಳು ನನ್ನ ಬಳಿಗೆ ಬರುತ್ತಾರೆ. ಮಿದುಳು ಕೆಲಸ ಮಾಡುವ ರೀತಿಯೇ ಬೇರೆಯಾಗಿರುವ ಇಂಥವರನ್ನು ಈಚೆಗೆ ‘ನ್ಯೂರೋಡೈವರ್ಜೆಂಟ್’ ಎನ್ನುತ್ತಾರೆ. ಹೆಸರು ಹೊಸದು, ಮಕ್ಕಳು ಹೊಸಬರಲ್ಲ. ಹಿಂದೆ ಅವರನ್ನೇ ದಡ್ಡ, ಪುಂಡ, ಹುಚ್ಚ ಎಂದು ಕರೆದು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ದಡ್ಡತನಕ್ಕೂ ಓದು ಬಾರದಿರುವುದಕ್ಕೂ ಸಂಬಂಧವಿಲ್ಲ ಎಂಬುದು ನಿನ್ನೆ ಮೊನ್ನೆ ತಿಳಿದ ಸಂಗತಿಯೇನಲ್ಲ. 1896ರಲ್ಲಿಯೇ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲೆಂಡಿನ ವೈದ್ಯರು ಹದಿನಾಲ್ಕು ವರ್ಷದ ಒಬ್ಬ ಹುಡುಗನ ವಿಚಾರ ಬರೆದರು. ಹುಡುಗ ಚುರುಕು, ಲೆಕ್ಕ ಬರುತ್ತದೆ, ಆದರೆ ಓದಲು ಬಾರದು. ಪಾಠವನ್ನೆಲ್ಲ ಬಾಯಿಮಾತಿನಲ್ಲೇ ಹೇಳುವಂತಿದ್ದರೆ ಶಾಲೆಗೆಲ್ಲ ಇವನೇ ಜಾಣನೆನಿಸುತ್ತಿದ್ದ ಎಂದು ಅವನ ಮೇಷ್ಟ್ರೇ ಹೇಳಿದ್ದರಂತೆ. ನೂರಿಪ್ಪತ್ತೈದು ವರ್ಷಗಳಿಗೂ ಹಿಂದೆ ಒಬ್ಬ ಮೇಷ್ಟ್ರಿಗೆ ಕಂಡ ಸತ್ಯ, ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತ ನಮ್ಮ ಪ್ರಿನ್ಸಿಪಾಲರಿಗೆ ಕಾಣುವುದಿಲ್ಲವೆಂದರೆ ಏನೆನ್ನೋಣ?

ಕನ್ನಡ, ತೆಲುಗಿನಂಥ ಲಿಪಿಗಳನ್ನು ಕಲಿಯುವುದು ಸುಲಭದ ಕೆಲಸವೂ ಅಲ್ಲ. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ನಮ್ಮಲ್ಲಾದರೋ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ರೂಪಗಳು. ಸೊನಾಲಿ ನಾಗ್ ಅವರು ಕನ್ನಡ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಈ ಅಕ್ಷರಗಳ ಮೇಲೆ ಪೂರ್ತಿ ಹಿಡಿತ ಸಿಗಲು ನಾಲ್ಕನೆಯ ತರಗತಿಯವರೆಗೂ ಕಾಲ ಬೇಕು. ನಮ್ಮ ಶಾಲೆಗಳು ಒಂದನೆಯ ತರಗತಿಯಲ್ಲಿ ಒತ್ತಕ್ಷರ ಮುಗಿಸಿ, ಎರಡನೆಯದರಲ್ಲಿ ಉಕ್ತಲೇಖನ ಕೊಟ್ಟು, ಮೂರನೆಯದರಲ್ಲಿ ಮಗುವನ್ನು ‘ಸ್ಲೋ’ ಎಂದು ಬರೆದುಬಿಡುತ್ತವೆ.

ಮನೆಪಾಠದ ಮೇಷ್ಟ್ರು ಏನು ಮಾಡುತ್ತಾನೆ? ಶಾಲೆಯಲ್ಲಿ ಒಮ್ಮೆ ಹೇಳಿದ್ದನ್ನು ಮನೆಯಲ್ಲಿ ಹತ್ತು ಸಲ ಹೇಳುತ್ತಾನೆ ಎಂದು ಅನೇಕರು ತಿಳಿದಿದ್ದಾರೆ. ಹಾಗೆ ಮಾಡಿದರೆ ಮಗು ಹತ್ತು ಸಲ ಸೋಲುತ್ತದೆ, ಅಷ್ಟೇ. ಡಿಸ್ಲೆಕ್ಸಿಯಾದ ಮಗುವಿಗೆ ಮೊದಲು ಕಿವಿಯ ಪಾಠ: ‘ಮರ’ ಎಂಬ ಮಾತಿನಲ್ಲಿ ಎಷ್ಟು ಸದ್ದುಗಳಿವೆ, ‘ಮ’ ತೆಗೆದರೆ ಏನು ಉಳಿಯುತ್ತದೆ. ಆಮೇಲೆ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುತ್ತ, ಬಾಯಲ್ಲಿ ಹೇಳುತ್ತ, ಕಣ್ಣಿನಿಂದ ನೋಡುತ್ತ ಒಂದೊಂದೇ ಅಕ್ಷರ. ಕೂರಲಾಗದ ಮಗುವಿಗೆ ಹತ್ತು ಹತ್ತು ನಿಮಿಷಗಳ ತುಂಡುಪಾಠ, ನಡುವೆ ಎದ್ದು ಓಡಾಡಲು ಬಿಡುವು. ಆಟಿಸಂನ ಮಗುವಿಗೆ ಇಂದು ಏನೇನು ಮಾಡುತ್ತೇವೆಂದು ಮೊದಲೇ ಚಿತ್ರ ತೋರಿಸಿ ತಿಳಿಸಬೇಕು. ಹೇಳದೆ ಕೇಳದೆ ಬದಲಾಯಿಸಿದರೆ ಆ ದಿನದ ಪಾಠವೇ ಹಾಳು. ಇದರಲ್ಲಿ ಮಂತ್ರ ಮಾಯ ಏನೂ ಇಲ್ಲ. ಬೇಕಾದದ್ದು ತರಬೇತಿ, ತಾಳ್ಮೆ ಮತ್ತು ಸಮಯ. ಈ ಮೂರನ್ನೂ ಒದಗಿಸಬೇಕಾದದ್ದು ಶುಲ್ಕ ವಸೂಲು ಮಾಡುವ ಶಾಲೆಯೋ, ಅದನ್ನು ಕಟ್ಟುವ ತಂದೆಯೋ?

ವಿಜಯವಾಡ ಎಂಥ ಊರು ಎಂಬುದು ಸರ್ವವಿದಿತ. ಎಂಜಿನಿಯರಿಂಗ್, ಮೆಡಿಕಲ್ ಸೀಟುಗಳಿಗಾಗಿ ಮಕ್ಕಳನ್ನು ಅರೆಯುವ ಕಾರ್ಪೊರೇಟ್ ಕಾಲೇಜುಗಳ ತವರು ಅದು. ಎಲ್ಲಿ ನೋಡಿದರೂ ರ್‍ಯಾಂಕ್ ಬಂದವರ ಭಾವಚಿತ್ರಗಳ ಫಲಕಗಳು. ಅಂಥ ಫಲಕದಲ್ಲಿ ಜಾಗ ಸಿಗದ ಮಗು ಆಡಳಿತ ಮಂಡಳಿಗೆ ನಷ್ಟದ ಬಾಬು. ಫಲಿತಾಂಶದ ಶೇಕಡಾ ಲೆಕ್ಕ ಇಳಿಯದಂತೆ ಹತ್ತನೆಯ ತರಗತಿಗೆ ಮುಂಚೆಯೇ ಅದನ್ನು ಹೊರಗೆ ಹಾಕುವುದು ಅವರ ವ್ಯಾಪಾರಕ್ಕೆ ಲಾಭ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಇನ್ನು ಕಾನೂನು ಏನು ಹೇಳುತ್ತದೆ, ಕೇಳಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 16ನೆಯ ಕಲಮಿನಂತೆ ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಅನುತ್ತೀರ್ಣಗೊಳಿಸಲು ಅವಕಾಶ ಕೊಟ್ಟಿತೇ ಹೊರತು ಹೊರಗೆ ಹಾಕಲು ಕೊಡಲಿಲ್ಲ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಉಳಿದವರಿಗೆ ಯಾವ ನೆಪವೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಇಪ್ಪತ್ತೊಂದು ಬಗೆಯ ನ್ಯೂನತೆಗಳನ್ನು ಪಟ್ಟಿ ಮಾಡಿ, ಅದರಲ್ಲಿ ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳನ್ನೂ ಸೇರಿಸಿದೆ. ಸರ್ಕಾರದ ಹಣ ಪಡೆಯುವ ಶಾಲೆ ಮಾತ್ರವಲ್ಲ, ಸರ್ಕಾರದ ಮಾನ್ಯತೆ ಪಡೆದ ಶಾಲೆಯೂ ಈ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಬೇಕು, ಅದಕ್ಕೆ ತಕ್ಕಂತೆ ಕಲಿಸಬೇಕು ಎಂಬುದು ಆ ಕಾಯಿದೆಯ ಆಶಯ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕ, ಭಾಷಾ ವಿಷಯದಲ್ಲಿ ರಿಯಾಯಿತಿ ಇವೂ ಅದರಲ್ಲಿವೆ. ನ್ಯೂನತೆ ಶೇಕಡಾ 40ಕ್ಕೆ ಕಡಮೆಯಿಲ್ಲವೆಂದು ಪ್ರಮಾಣಪತ್ರ ಇದ್ದರೆ ಆರರಿಂದ ಹದಿನೆಂಟು ವರ್ಷದವರೆಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಆ ಮಗುವಿನ ಹಕ್ಕು.

ಕಾಯಿದೆ ಇದ್ದರೆ ಸಾಲದು, ಕಲಿಸುವವರು ಬೇಕು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ವಿಶೇಷ ಶಿಕ್ಷಕರ ನೇಮಕದ ಬಗ್ಗೆ ಆದೇಶ ಕೊಟ್ಟಿತು. ಕಿರಿಯ ಪ್ರಾಥಮಿಕದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಅದಕ್ಕೂ ಮೇಲಿನ ತರಗತಿಗಳಲ್ಲಿ ಹದಿನೈದು ಮಕ್ಕಳಿಗೆ ಒಬ್ಬರು ಎಂದು ಗೊತ್ತಾಯಿತು. ಮೂರೂವರೆ ವರ್ಷ ಕಳೆದರೂ ರಾಜ್ಯಗಳು ಹುದ್ದೆಗಳನ್ನೇ ಸೃಷ್ಟಿಸಿರಲಿಲ್ಲವಾದ್ದರಿಂದ 2025ರ ಮಾರ್ಚಿನಲ್ಲಿ ಅದೇ ಕೋರ್ಟು ಮತ್ತೊಮ್ಮೆ ಕಿವಿ ಹಿಂಡಬೇಕಾಯಿತು. ಅದೇ ವರ್ಷ ಆಂಧ್ರ ಸರ್ಕಾರ 2,260 ವಿಶೇಷ ಶಿಕ್ಷಕರ ಹುದ್ದೆಗಳನ್ನು ಮಂಜೂರು ಮಾಡಿತು. ಸಂತೋಷ. ಆದರೆ ಮಂಜೂರಾದ ಹುದ್ದೆ ಪಾಠ ಹೇಳುವುದಿಲ್ಲ. ಅದರಲ್ಲಿ ಕೂತ ಮನುಷ್ಯ ಪಾಠ ಹೇಳಬೇಕು. ಮತ್ತು ನಾನು ಕೇಳುತ್ತೇನೆ: ಲಕ್ಷಗಟ್ಟಲೆ ಶುಲ್ಕ ಎತ್ತುವ ಖಾಸಗಿ ಶಾಲೆಗಳು ಎಷ್ಟು ಮಂದಿ ವಿಶೇಷ ಶಿಕ್ಷಕರನ್ನು ಸಂಬಳ ಕೊಟ್ಟು ಇಟ್ಟುಕೊಂಡಿವೆ? ಸ್ಮಾರ್ಟ್ ಬೋರ್ಡಿಗೆ ಹಣವಿದೆ, ಬಸ್ಸಿಗೆ ಹಣವಿದೆ, ಬಣ್ಣಬಣ್ಣದ ಫಲಕಕ್ಕೆ ಹಣವಿದೆ; ಹತ್ತು ಮಕ್ಕಳ ಬಾಳು ಎತ್ತುವ ಒಬ್ಬ ಮೇಷ್ಟ್ರಿಗೆ ಮಾತ್ರ ಹಣವಿಲ್ಲವೇ?

“ನೀನು ಬದುಕುವುದೇ ಈ ಮಕ್ಕಳ ಟ್ಯೂಷನ್ನಿನಿಂದ, ನಿನಗೇಕೆ ಈ ಗಲಾಟೆ?” ಎಂದು ನನ್ನನ್ನು ಕೇಳಿದವರಿದ್ದಾರೆ. ನಿಜ, ಬದುಕುವುದು ಇದರಿಂದಲೇ. ಆದುದರಿಂದಲೇ ಲೆಕ್ಕ ನನಗೆ ಗೊತ್ತು. ಹೋಟೆಲಿನಲ್ಲಿ ದೋಸೆ ಹುಯ್ಯುವವನ ಮಗನಿಗೆ ವಾರಕ್ಕೆ ಮೂರು ಗಂಟೆ ಪಾಠವಾಗಬೇಕಾದರೆ ಅವನ ಕೂಲಿಯ ದೊಡ್ಡ ಪಾಲು ನನ್ನ ಜೇಬಿಗೆ ಬರಬೇಕು. ಕಡಮೆ ತೆಗೆದುಕೊಂಡರೆ ನನ್ನ ಮನೆ ನಡೆಯದು. ಬೇಸಿಗೆ ರಜ ಬಂದರೆ ನನಗೆ ಪಾಠವಿಲ್ಲ, ಪಾಠವಿಲ್ಲದಿದ್ದರೆ ಸಂಬಳವಿಲ್ಲ, ಇ.ಎಸ್.ಐ. ಇಲ್ಲ, ಪ್ರಾವಿಡೆಂಟ್ ಫಂಡ್ ಇಲ್ಲ. ಹೀಗೆ ಇಬ್ಬರು ಬಡವರು ಒಬ್ಬರ ಜೇಬಿಗೆ ಒಬ್ಬರು ಕೈಹಾಕಿ ಕೂತಿರುವಾಗ, ಕರ್ತವ್ಯ ಮಾಡಬೇಕಾದ ಶಾಲೆ ಪೂರ್ತಿ ಶುಲ್ಕ ಎಣಿಸಿಕೊಳ್ಳುತ್ತಿದೆ. ಅದೇ ಶಾಲೆ ನನ್ನಂಥವರನ್ನು ನ್ಯಾಯವಾದ ಸಂಬಳಕ್ಕೆ ಇಟ್ಟುಕೊಂಡರೆ ಮಗುವೂ ಉಳಿಯುತ್ತದೆ, ತಂದೆಯೂ ಉಳಿಯುತ್ತಾನೆ, ಮೇಷ್ಟ್ರೂ ಉಳಿಯುತ್ತಾನೆ.

ನಮ್ಮ ಕಸುಬಿನಲ್ಲಿಯೂ ಕಳ್ಳರಿದ್ದಾರೆ. ತೊಂಬತ್ತು ದಿನದಲ್ಲಿ ಆಟಿಸಂ ವಾಸಿ, ಮೂರು ತಿಂಗಳಲ್ಲಿ ಡಿಸ್ಲೆಕ್ಸಿಯಾ ಮಾಯ ಎಂದು ಗೋಡೆಗೆ ಚೀಟಿ ಅಂಟಿಸುವವರನ್ನು ನಂಬಬೇಡಿ. ಇವು ವಾಸಿಯಾಗುವ ಕಾಯಿಲೆಗಳೇ ಅಲ್ಲ. ಮಗು ಕಲಿಯುವ ದಾರಿ ಬೇರೆ, ಅಷ್ಟೇ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಂತೆ ವಿಶೇಷ ಶಿಕ್ಷಕನಾಗಿ ವೃತ್ತಿ ಮಾಡುವವನ ಹೆಸರು ಪರಿಷತ್ತಿನ ದಾಖಲೆಯಲ್ಲಿರಬೇಕು. ಇಲ್ಲದೆ ವೃತ್ತಿ ಮಾಡಿದರೆ ಸೆರೆವಾಸದವರೆಗೆ ಶಿಕ್ಷೆಯಿದೆ. ಮೇಷ್ಟ್ರ ಪೂರ್ವಾಪರ ವಿಚಾರಿಸಿ, ನೋಂದಣಿ ಸಂಖ್ಯೆ ಕೇಳಿ. ಕೇಳಿದ್ದಕ್ಕೆ ಕೋಪಿಸಿಕೊಳ್ಳುವವನ ಬಳಿಗೆ ಮಗುವನ್ನು ಕಳಿಸಬೇಡಿ.

ಬಂಧುಗಳೇ, ಮುಂಬಯಿಯಲ್ಲಿರುವ ನಿಮಗೆ ಕೆಲವು ಅನುಕೂಲಗಳುಂಟು. ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಶಾಲಾ ಪರೀಕ್ಷೆಯಲ್ಲಿ ರಿಯಾಯಿತಿ ಕೊಡಲು 1996ರಲ್ಲಿ ದೇಶದಲ್ಲೇ ಮೊದಲು ಮುಂದಾದದ್ದು ಮಹಾರಾಷ್ಟ್ರ. ಮಹಾನಗರಪಾಲಿಕೆಯ ಸಯನ್ ಆಸ್ಪತ್ರೆಯಲ್ಲಿ ಇದಕ್ಕಾಗಿಯೇ ಕ್ಲಿನಿಕ್ ಇದೆ. ನಮ್ಮ ಭಾಷೆಗೂ ಸಾಧನ ಬಂದಿದೆ: 2015ರಲ್ಲಿ ಹೊರಬಂದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷೆ ಮೊದಲ ಹಂತದಲ್ಲಿಯೇ ಹಿಂದಿ, ಮರಾಠಿ, ಇಂಗ್ಲಿಷಿನೊಡನೆ ಕನ್ನಡದಲ್ಲೂ ಸಿದ್ಧವಾಯಿತು. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ “ನೆಂಟರಿಗೆ ತಿಳಿದರೆ ಏನೆಂದಾರು” ಎಂಬ ಹೆದರಿಕೆಯಿಂದ ಮಗುವನ್ನು ಪರೀಕ್ಷೆಗೇ ಒಯ್ಯುವುದಿಲ್ಲ. ಮುಚ್ಚಿಡುವುದರಿಂದ ಲಾಭ ಯಾರಿಗೆ? ಶಾಲೆಗೆ. ಪ್ರಮಾಣಪತ್ರ ಕೈಯಲ್ಲಿಲ್ಲದ ತಂದೆಯನ್ನು ಗದರಿಸಿ ಕಳಿಸುವುದು ಸುಲಭ.

ಆದುದರಿಂದ ಸಂಘ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಮಗುವನ್ನು ತೆಗೆದುಕೊಂಡು ಹೋಗಿ ಎನ್ನುವ ಶಾಲೆಯಿಂದ ಆ ಮಾತನ್ನು ಬರವಣಿಗೆಯಲ್ಲಿ ಕೇಳಬೇಕು. ತಂದೆ ಒಬ್ಬನೇ ಹೋಗದೆ ಸಂಘದ ಇಬ್ಬರು ಜೊತೆಗೆ ಹೋಗಬೇಕು. ಶಾಲೆ ಒಪ್ಪದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬೇಕು. ಕಾಯಿದೆಯನ್ನು ಉಲ್ಲಂಘಿಸಿದವರಿಗೆ ಮೊದಲ ಸಲ ಹತ್ತು ಸಾವಿರ ರೂಪಾಯಿಯವರೆಗೆ, ಮತ್ತೆ ಉಲ್ಲಂಘಿಸಿದರೆ ಐವತ್ತು ಸಾವಿರದಿಂದ ಐದು ಲಕ್ಷದವರೆಗೆ ದಂಡವಿದೆ ಎಂಬುದನ್ನು ಆಡಳಿತ ಮಂಡಳಿಗೆ ಓದಿ ಹೇಳಬೇಕು. ಪ್ರತಿಯೊಂದು ಶಾಲೆಯಲ್ಲೂ ವಿಶೇಷ ಶಿಕ್ಷಕರು ಎಷ್ಟು ಮಂದಿ ಎಂದು ಪೋಷಕರ ಸಭೆಯಲ್ಲಿ ಎದ್ದುನಿಂತು ಕೇಳಬೇಕು. ಅಲ್ಲಿಯವರೆಗೆ ನಮ್ಮ ಮಕ್ಕಳಿಗಾಗಿ ವಾರಕ್ಕೆರಡು ಸಂಜೆ ಸಂಘದ ಕೋಣೆಯನ್ನು ತೆರೆದು, ನೋಂದಾಯಿತ ಮೇಷ್ಟ್ರೊಬ್ಬರಿಗೆ ಸಂಘವೇ ಸಂಬಳ ಕೊಡಬೇಕು.

ಲೋಟ ತೊಳೆಯುವ ಹುಡುಗರಿಗೆ ವಿದ್ಯೆ ಏಕೆ ಎಂದು ಊರು ನಕ್ಕಾಗ ನಮ್ಮ ಹಿರಿಯರು ರಾತ್ರಿಶಾಲೆಗಳಲ್ಲಿ ದೀಪ ಹಚ್ಚಿದರು. ಆ ಬೆಳಕಿನಲ್ಲಿ ಓದಿದವರ ಮೊಮ್ಮಕ್ಕಳನ್ನು ಈಗ ಹಗಲುಶಾಲೆಯ ಬಾಗಿಲಿನಿಂದ ಆಚೆ ನಿಲ್ಲಿಸುತ್ತಿದ್ದಾರೆ. ಬಾಗಿಲು ತೆರೆಸುವ ಸರದಿ ನಮ್ಮದು.