ನಮ್ಮ ನಾಡಿನ ಊರುಗಳು: ಮಸ್ಕಿ

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಬ್ಬಿರುವ ರಾಯಚೂರು ಸೀಮೆಯನ್ನು ಪೂರ್ವಕಾಲದವರು ಎಡೆದೊರೆ ನಾಡೆಂದು ಕರೆಯುತ್ತಿದ್ದರು. ಎರಡು ತೊರೆಗಳ ನಡುವಣ ನಾಡೆಂಬುದೇ ಅದರ ಅರ್ಥವು. ಸಿರವಾರ, ಮಾನ್ವಿ, ದೇವದುರ್ಗಗಳ ಗೃಹಸ್ಥರಿಗೆ ಮಸ್ಕಿಯು ನೆರೆಯ ಊರೇ ಸರಿ. ಆದರೆ ಅದು ಲೋಕಕ್ಕೆ ಮಾಡಿದ ಉಪಕಾರವನ್ನು ಬಲ್ಲವರು ವಿರಳ. ಆದುದರಿಂದ ಈ ತಿಂಗಳು ನಾವು ಆ ಊರನ್ನೇ ಆರಿಸಿಕೊಂಡಿದ್ದೇವೆ.

ಮಸ್ಕಿಯ ಸುತ್ತಲೂ ಬಯಲು. ನಡುನಡುವೆ ಉರುಟಾದ ಬಂಡೆಗಳನ್ನು ಪೇರಿಸಿದಂತಿರುವ ಗುಡ್ಡಗಳು. ಊರ ಪಕ್ಕದ ಹಳ್ಳವು ತುಂಗಭದ್ರೆಯ ಕಡೆಗೆ ಹರಿಯುವುದು. ಮಳೆ ಕಡಮೆ, ಜೋಳ, ಹತ್ತಿಗಳೇ ಹಿಂದಿನಿಂದ ಬಂದ ಬೆಳೆಗಳು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ತರುವಾಯ ಎಡದಂಡೆಯ ಕಾಲುವೆಯಿಂದ ಈ ಸೀಮೆಯ ಅನೇಕ ಗ್ರಾಮಗಳು ಬತ್ತವನ್ನೂ ಕಂಡವು. ನೆಲದೊಳಗೆ ಚಿನ್ನವುಂಟು, ಹಟ್ಟಿಯ ಗಣಿಯು ಇದೇ ಜಿಲ್ಲೆಯದು. 1954ರಲ್ಲಿ ಬಿ. ಕೆ. ಥಾಪರರು ಇಲ್ಲಿ ಅಗೆಯಿಸಿದಾಗ, ಕಲ್ಲಿನ ಆಯುಧಗಳ ಕಾಲದಿಂದಲೂ ಮನುಷ್ಯರು ಇಲ್ಲಿ ವಾಸಿಸಿದ್ದರೆಂಬುದು ಸ್ಪಷ್ಟವಾಯಿತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಇದರ ಹೆಸರು ಮೊಸಂಗಿ.

ಆ ಚಿನ್ನವೇ ಊರಿನ ಕೀರ್ತಿಗೆ ಕಾರಣವಾಯಿತು. 1915ರಲ್ಲಿ ಸಿ. ಬೀಡನ್ ಎಂಬ ಗಣಿಯ ಇಂಜಿನಿಯರು ಚಿನ್ನವನ್ನು ಅರಸುತ್ತ ಬಂದು, ಗುಡ್ಡದ ಬಂಡೆಯೊಂದರ ಮೇಲೆ ಅಕ್ಷರಗಳನ್ನು ಕಂಡನು. ಅದು ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಬರೆದ ರಾಜಶಾಸನ. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು.

ಅದರ ಮಹತ್ವವೇನೆಂದು ವಾಚಕರು ಕೇಳಬಹುದು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನು ತನ್ನನ್ನು ದೇವಾನಾಂಪ್ರಿಯನೆಂದೂ ಪ್ರಿಯದರ್ಶಿಯೆಂದೂ ಕರೆದುಕೊಂಡಿದ್ದನು. ಇವನು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ 1837ರಲ್ಲಿಯೇ ಊಹಿಸಲಾಗಿತ್ತು. ಆದರೂ ಕಲ್ಲಿನ ಸಾಕ್ಷ್ಯವಿರಲಿಲ್ಲ. ಮಸ್ಕಿಯ ಬಂಡೆಯು ದೇವಾನಾಂಪ್ರಿಯನ ಜೊತೆಗೆ ಅಶೋಕನೆಂಬ ಹೆಸರನ್ನೂ ಹೇಳಿ ಸಂಶಯವನ್ನು ಕಳೆಯಿತು. ಮುಂದೆ ಗುಜರ್ರಾ, ನಿಟ್ಟೂರು, ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಮೊದಲನೆಯ ಗೌರವವು ಮಾತ್ರ ಮಸ್ಕಿಯದೇ.

ಶಾಸನದ ಅಭಿಪ್ರಾಯವೂ ಮನನೀಯವಾದುದು. ಧರ್ಮದಲ್ಲಿ ನಿಷ್ಠೆಯುಳ್ಳವನು ಅಲ್ಪನಾದರೂ ಶ್ರೇಯಸ್ಸನ್ನು ಪಡೆಯಬಲ್ಲನು. ಅದು ದೊಡ್ಡವರ ಸೊತ್ತಲ್ಲವೆಂದು ಚಕ್ರವರ್ತಿಯು ಸಾರಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಕೊರೆಯಿಸಿದ ಈ ಮಾತು ಇಂದಿನ ಮನೆಗಳಲ್ಲಿಯೂ ಸಲ್ಲತಕ್ಕದ್ದಲ್ಲವೇ?

2018ರಲ್ಲಿ ಸಿರವಾರದಂತೆಯೇ ಮಸ್ಕಿಯೂ ತಾಲ್ಲೂಕಿನ ಕೇಂದ್ರವಾಯಿತು. ಊರು ಬೆಳೆಯುವುದು ಸಂತೋಷವೇ. ಆದರೆ ಊರು ಬೆಳೆದಂತೆಲ್ಲ ಕಟ್ಟಡಕ್ಕೆ ಕಲ್ಲು ಬೇಕಾಗುವುದು. ಅಕ್ಷರವಿದ್ದ ಕಲ್ಲು ಮೆಟ್ಟಿಲಾಗುವುದಕ್ಕೂ ಒಗೆಯುವ ಬಂಡೆಯಾಗುವುದಕ್ಕೂ ಹೆಚ್ಚು ಹೊತ್ತು ಹಿಡಿಯದು. ಮಸ್ಕಿಯ ಬಂಡೆಯು ಒಡೆದುಹೋಗಿದ್ದರೆ ಆ ಸಾಕ್ಷ್ಯವನ್ನು ಮತ್ತೆ ಬರೆದುಕೊಡುವವರು ಯಾರು? ನಿಮ್ಮ ಹೊಲದಲ್ಲಾಗಲಿ, ಹಾಳುಗುಡಿಯಲ್ಲಾಗಲಿ ಅಕ್ಷರವುಳ್ಳ ಕಲ್ಲು ಕಂಡರೆ ಅದನ್ನು ಇದ್ದಲ್ಲಿಯೇ ಇರಗೊಟ್ಟು, ತಿಳಿದವರಿಗೆ ಸುದ್ದಿ ಮುಟ್ಟಿಸಿರಿ. ಬಿಡುವಾದಾಗ ಮಕ್ಕಳನ್ನು ಮಸ್ಕಿಯ ಗುಡ್ಡಕ್ಕೆ ಕರೆದೊಯ್ದು, ಆ ಹೆಸರು ಇರುವ ಬಂಡೆಯನ್ನು ತೋರಿಸಿರಿ.