‘ಬೇಡ’ ಎನ್ನಬಲ್ಲ ಬ್ರೋಕರ್ ಬೇಕು

ವ್ಯವಹಾರ ಮುಗಿದರಷ್ಟೇ ಕೈಗೆ ಕಾಸು ಎನ್ನುವ ಪದ್ಧತಿ ಒಳ್ಳೆಯ ಸಲಹೆಯ ಬಾಯಿ ಕಟ್ಟುತ್ತಿದೆ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಲ್ಲಿ ಜಮೀನು ಮಾರುವ, ಕೊಳ್ಳುವ ಯೋಚನೆ ಬಂದವರು ಮೊದಲು ಹೋಗುವುದು ವಕೀಲರ ಬಳಿಗಲ್ಲ, ಬ್ರೋಕರ್ ಬಳಿಗೆ. ಸಂಬಳದಲ್ಲಿ ಉಳಿಸಿ 30x40 ಸೈಟು ಹುಡುಕುವ ಕುಟುಂಬವೂ ಸಾಲ ತೀರಿಸಲು ಇಪ್ಪತ್ತು ಗುಂಟೆ ಮಾರಲು ಹೊರಟ ರೈತನೂ ಕೇಳುವುದು ಒಂದೇ ಪ್ರಶ್ನೆ: ‘ಏನ್ ಮಾಡೋಣ ಹೇಳಣ್ಣ?’ ಆ ಪ್ರಶ್ನೆಗೆ ಉತ್ತರ ಹೇಳುವವರಿಗೆ ಕಮಿಷನ್ ಸಿಗುವುದು ಮಾತ್ರ ವ್ಯವಹಾರ ಕುದುರಿದಾಗಲೇ. ‘ಈ ಜಮೀನು ಬೇಡ’ ಎಂದು ಪ್ರಾಮಾಣಿಕವಾಗಿ ಹೇಳಿದ ದಿನ ಅವರ ಗಳಿಕೆ ಸೊನ್ನೆ. ಗ್ರಾಹಕರಿಗೆ ಅತ್ಯಂತ ಬೆಲೆಬಾಳುವ ಸಲಹೆಗೇ ಇಲ್ಲಿ ಬೆಲೆಯಿಲ್ಲ. ಈ ವೃತ್ತಿಯನ್ನು ಸರಿಪಡಿಸುವ ಮಾತು ಇಲ್ಲಿಂದಲೇ ಶುರುವಾಗಬೇಕು.

2008ರಲ್ಲಿ ದೇವನಹಳ್ಳಿ ಬಳಿ ವಿಮಾನ ನಿಲ್ದಾಣ ಬಂದ ಮೇಲೆ ಈ ಭಾಗದ ನೆಲದ ಲೆಕ್ಕಾಚಾರವೇ ಬದಲಾಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ ಮತ್ತು 79ಬಿ ಸೆಕ್ಷನ್‌ಗಳನ್ನು ತೆಗೆದುಹಾಕಿದ್ದರಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಲು ದಾರಿಯಾಯಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳನ್ನು ಜೋಡಿಸುವ ಉಪನಗರ ವರ್ತುಲ ರಸ್ತೆ ಬಂತು. ಊರೂರಿನಲ್ಲೂ ಬ್ರೋಕರ್‌ಗಳು ಹುಟ್ಟಿಕೊಂಡರು. ಇವರಲ್ಲಿ ಹೆಚ್ಚಿನವರು ಸ್ಥಳೀಯರು. ಯಾರ ಜಮೀನು ಯಾವುದು, ಯಾವ ಮನೆಯಲ್ಲಿ ಯಾರಿಗೆ ಯಾರೊಂದಿಗೆ ಮಾತಿಲ್ಲ ಎಂಬುದನ್ನೆಲ್ಲ ಬಲ್ಲವರು. ಈ ತಿಳಿವಳಿಕೆ ಯಾವ ಸರ್ಕಾರಿ ಕಡತದಲ್ಲೂ ಸಿಗುವುದಿಲ್ಲ. ಅದನ್ನು ಗ್ರಾಹಕರ ಹಿತಕ್ಕೆ ಬಳಸುವುದೇ ಈ ವೃತ್ತಿಯ ವಿವೇಕ.

ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಒಂದು ಎಕರೆ ಹತ್ತು ಗುಂಟೆ ಮಾರಾಟಕ್ಕಿದೆ ಎಂದುಕೊಳ್ಳಿ. ಪಹಣಿಯ 9ನೇ ಕಾಲಂನಲ್ಲಿ ಮಾರುವವರ ಹೆಸರಿದೆ, ಇಸಿ (ಋಣಭಾರ ಪ್ರಮಾಣಪತ್ರ) ಕ್ಲೀನ್ ಆಗಿದೆ. ‘ಪೇಪರ್ ಎಲ್ಲ ಪಕ್ಕಾ’ ಎಂದು ಟೋಕನ್ ಅಡ್ವಾನ್ಸ್ ಕೊಡಿಸುವುದು ಸಾಮಾನ್ಯ ರೂಢಿ. ಅನುಭವಿ ಬ್ರೋಕರ್ ಅಷ್ಟಕ್ಕೇ ನಿಲ್ಲುವುದಿಲ್ಲ. 10ನೇ ಕಾಲಂ ನೋಡಿ, ಈ ಹೆಸರು ಪಹಣಿಗೆ ಬಂದದ್ದು ಕ್ರಯದಿಂದಲೋ ಪೌತಿಯಿಂದಲೋ ವಿಭಾಗದಿಂದಲೋ ಮಂಜೂರಾತಿಯಿಂದಲೋ ಎಂದು ಹುಡುಕುತ್ತಾರೆ. 11ರಲ್ಲಿ ಬ್ಯಾಂಕಿನ ಸಾಲ ಕೂತಿದೆಯೇ ನೋಡುತ್ತಾರೆ. ಪೋಡಿ (ಸರ್ವೆ ನಂಬರಿನ ವಿಭಜನೆ) ಆಗಿದೆಯೇ, ಆಕಾರಬಂದಿನ ವಿಸ್ತೀರ್ಣಕ್ಕೂ ಪಹಣಿಗೂ ತಾಳೆಯಾಗುತ್ತದೆಯೇ, ಖರಾಬು ಎಷ್ಟು ಎಂದು ಕೇಳುತ್ತಾರೆ. ಇಸಿಯಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಬಾಯಿಮಾತಿನ ಪಾಲು, ಹಳೆಯ ಸ್ಟಾಂಪ್ ಪೇಪರ್ ಮೇಲಿನ ಅಗ್ರಿಮೆಂಟು, ನ್ಯಾಯಾಲಯದಲ್ಲಿರುವ ದಾವೆ ಅದರಲ್ಲಿ ಕಾಣಬೇಕೆಂದಿಲ್ಲ. ಇದನ್ನು ಗ್ರಾಹಕರಿಗೆ ಬಿಡಿಸಿ ಹೇಳಿ ವಕೀಲರ ಬಳಿಗೆ ಕಳಿಸುವುದು ಬ್ರೋಕರ್‌ನ ಮೊದಲ ಕೆಲಸ.

ಮಂಜೂರಾದ ಜಮೀನಾದರೆ ಇನ್ನೂ ಎಚ್ಚರ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ತಡೆಯುತ್ತದೆ. ಭೂಮಿ ಮರಳಿಸಿಕೊಡಿ ಎಂದು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ‘ಇಪ್ಪತ್ತು ವರ್ಷ ಆಯ್ತು, ಯಾರು ಕೇಳ್ತಾರೆ’ ಎಂಬ ಭರವಸೆ ಕೊಳ್ಳುವವರನ್ನು ಹಳ್ಳಕ್ಕೆ ತಳ್ಳುತ್ತದೆ, ಬಡ ದಲಿತ ಕುಟುಂಬದ ಆಧಾರವನ್ನೂ ಕಿತ್ತುಕೊಳ್ಳುತ್ತದೆ. ಇಂಥ ಕಡೆ ‘ಅಡ್ಜಸ್ಟ್ ಮಾಡೋಣ’ ಎನ್ನುವವರು ಇಬ್ಬರಿಗೂ ದ್ರೋಹ ಮಾಡುತ್ತಾರೆ.

ಹೆಣ್ಣುಮಕ್ಕಳ ಹಕ್ಕಿನ ವಿಚಾರದಲ್ಲೂ ಇದೇ ಉದಾಸೀನ ಕಾಣುತ್ತದೆ. ‘ಮದುವೆಯಾಗಿ ಹೋಗಿದಾರೆ, ಸಹಿ ಏನೂ ಬೇಡ’ ಎನ್ನುವುದು ಇವತ್ತಿಗೂ ಕಿವಿಗೆ ಬೀಳುವ ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಜಾರಿಯಾದಾಗ ತಂದೆ ಬದುಕಿರಬೇಕೆಂದೂ ಇಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ವಂಶವೃಕ್ಷದಲ್ಲಿ ಒಬ್ಬ ತಂಗಿಯ ಹೆಸರು ಬಿಟ್ಟುಹೋದರೂ ಮುಂದೆ ವಿಭಾಗದ ದಾವೆ ಬೀಳಬಹುದು. ಅಡ್ವಾನ್ಸ್ ಕೊಡಿಸುವ ಮುನ್ನ ಅಕ್ಕತಂಗಿಯರನ್ನು ಕರೆಸಿ, ಪಾಲಿನ ವಿಚಾರ ಅವರ ಎದುರಿಗೇ ಇತ್ಯರ್ಥ ಮಾಡಿಸುವ ಬ್ರೋಕರ್ ಒಂದು ಕುಟುಂಬವನ್ನು ಕೋರ್ಟಿನ ಮೆಟ್ಟಿಲಿನಿಂದ ತಪ್ಪಿಸುತ್ತಾರೆ.

ಸೈಟು ಕೊಳ್ಳುವವರಿಗೆ ಬೇಕಾದ ಸಲಹೆ ಬೇರೆ. ಪಂಚಾಯಿತಿಯ ಇ-ಸ್ವತ್ತಿನಲ್ಲಿ ನಮೂನೆ 9, 11ಎ ಸಿಗುವ ಸೈಟಿಗೂ 11ಬಿ ಇರುವ ಕಂದಾಯ ನಿವೇಶನಕ್ಕೂ ಇರುವ ಅಂತರವನ್ನು ದರ ಹೇಳುವ ಮೊದಲೇ ಹೇಳಬೇಕು. ಪಂಚಾಯಿತಿ ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಬಡಾವಣೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಸಿಕ್ಕಂತಾಗದು. ಬ್ಯಾಂಕ್ ಸಾಲ ಸಿಗುತ್ತದೆಯೇ, ನಾಳೆ ಮಾರಲು ಹೋದರೆ ಕೊಳ್ಳುವವರಿದ್ದಾರೆಯೇ ಎಂಬುದನ್ನೂ ಯೋಚಿಸಬೇಕು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕ ಬೇರೆ. ಕೈಯಲ್ಲಿರುವಷ್ಟನ್ನೂ ಸೈಟಿನ ಬೆಲೆಗೇ ಸುರಿದ ಕುಟುಂಬ ನೋಂದಣಿ ದಿನ ಕೈಸಾಲಕ್ಕೆ ಓಡಬಾರದು.

ಮಾರುವ ರೈತನಿಗೆ ಸಲಹೆ ಕೊಡುವವರಂತೂ ಯಾರೂ ಇಲ್ಲ. ಅವನ ಕಡೆಯಿಂದಲೂ ಕಮಿಷನ್ ಪಡೆಯುವ ಬ್ರೋಕರ್ ಕೇಳಬೇಕಾದ ಪ್ರಶ್ನೆಗಳಿವೆ: ಅಷ್ಟೂ ಮಾರಲೇಬೇಕೇ? ಬರುವ ದುಡ್ಡಿನಲ್ಲಿ ಸಾಲಕ್ಕೆಷ್ಟು, ಮಕ್ಕಳ ಪಾಲೆಷ್ಟು, ಉಳಿಯುವುದೆಷ್ಟು? ಪಟ್ಟಣದ ಗಡಿಯಿಂದ ನಿಗದಿತ ದೂರದೊಳಗಿನ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆ ಬೀಳುತ್ತದೆ ಎಂಬುದು ಎಷ್ಟೋ ರೈತರಿಗೆ ಗೊತ್ತಿಲ್ಲ. ಲೆಕ್ಕಪರಿಶೋಧಕರನ್ನು ಮೊದಲೇ ಕಾಣಿಸುವುದು ಮಾರಿದ ಮೇಲೆ ನೋಟಿಸ್ ಹಿಡಿದು ಅಲೆಯುವುದಕ್ಕಿಂತ ಮೇಲು.

ಯೋಜನೆಗಳ ಹೆಸರಿನಲ್ಲಿ ಬೆಲೆ ಏರಿಸುವ ಮಾತಿಗೂ ಲಗಾಮು ಬೇಕು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1,777 ಎಕರೆ ಸ್ವಾಧೀನದ ವಿರುದ್ಧ ರೈತರು 2022ರಿಂದ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ದೊಡ್ಡ ಯೋಜನೆಯ ದಿಕ್ಕು ಒಂದೇ ದಿನದಲ್ಲಿ ಹೇಗೆ ತಿರುಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಡ. ‘ಪಕ್ಕದಲ್ಲೇ ಪಾರ್ಕ್ ಬರ್ತದೆ’ ಎನ್ನುವವರು ಅದು ಅಧಿಸೂಚನೆಯೋ ಘೋಷಣೆಯೋ ಬರೀ ಸುದ್ದಿಯೋ ಎಂದು ಹೇಳುವ ಹೊಣೆಯನ್ನೂ ಹೊರಬೇಕು.

ಕಾನೂನಿನ ಕಾವಲು ಇಲ್ಲಿ ಅರ್ಧ ಮಾತ್ರ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಡಿ ಏಜೆಂಟರು ನೋಂದಣಿ ಮಾಡಿಸಬೇಕು, ನೋಂದಣಿಯಾಗದ ಯೋಜನೆಯ ಸೈಟು ಮಾರಿಸುವಂತಿಲ್ಲ. ಆದರೆ ಆ ಕಾಯ್ದೆ ಯೋಜನೆಗಳಿಗೆ ಸೀಮಿತ. ರೈತನ ಹೊಲ, ಊರೊಳಗಿನ ಮನೆ, ಬಿಡಿ ಸೈಟಿನ ಮರುಮಾರಾಟಗಳಲ್ಲಿ ಮಧ್ಯವರ್ತಿಯಾಗುವವರು ಅದರ ಹಿಡಿತಕ್ಕೆ ಸಿಗುವುದಿಲ್ಲ. ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಯುವುದು ಇಂಥ ವ್ಯವಹಾರಗಳೇ.

ಹಾಗಾಗಿ ಮೂರು ಬದಲಾವಣೆಗಳು ಬೇಕು. ಮೊದಲನೆಯದು, ಕಾಗದಪತ್ರ ನೋಡಿ ಸಲಹೆ ಕೊಡುವುದಕ್ಕೆ ಪ್ರತ್ಯೇಕ ಶುಲ್ಕ. ವ್ಯವಹಾರ ಮುರಿದರೂ ಅದು ಬ್ರೋಕರ್‌ಗೆ ಸಲ್ಲಬೇಕು. ಎರಡನೆಯದು, ಏನೇನು ಪರಿಶೀಲಿಸಿದೆ, ಏನು ಬಾಕಿ ಇದೆ, ಯಾರಿಂದ ಎಷ್ಟು ಕಮಿಷನ್ ಪಡೆಯುತ್ತೇನೆ ಎಂದು ಒಂದು ಪುಟದಲ್ಲಿ ಬರೆದು ಇಬ್ಬರಿಗೂ ಕೊಡುವುದು. ರೈತನಿಗೊಂದು ದರ, ಕೊಳ್ಳುವವರಿಗೊಂದು ದರ ಹೇಳಿ ನಡುವಿನ ಮಾರ್ಜಿನ್ ಇಟ್ಟುಕೊಳ್ಳುವ ಪದ್ಧತಿ ಇದರಿಂದ ನಿಲ್ಲುತ್ತದೆ. ಮೂರನೆಯದು, ಬಿಡಿ ವ್ಯವಹಾರ ಮಾಡಿಸುವವರಿಗೂ ಜಿಲ್ಲಾ ಮಟ್ಟದಲ್ಲಿ ನೋಂದಣಿ ಮತ್ತು ಕಂದಾಯ ದಾಖಲೆ ಓದುವ ತರಬೇತಿ. ಇದನ್ನು ಸರ್ಕಾರ ಮಾಡಬೇಕು.

ಮೊದಲೆರಡಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ನಾಳೆಯಿಂದಲೇ ಶುರು ಮಾಡಬಹುದು. ಸಲಹೆಗೆ ಒಂದಿಷ್ಟು ದುಡ್ಡು ಕೊಡಲು ಗ್ರಾಹಕರೂ ಹಿಂಜರಿಯಬಾರದು. ಜೀವಮಾನದ ಉಳಿತಾಯ ಹಾಕಿ ಕೊಳ್ಳುವಾಗ, ತಲೆಮಾರುಗಳ ಜಮೀನು ಮಾರುವಾಗ ಬೇಡವಾದದ್ದನ್ನು ಬೇಡ ಎನ್ನುವವರು ಜೊತೆಗಿದ್ದರೆ ಅದಕ್ಕಿಂತ ದೊಡ್ಡ ಭದ್ರತೆ ಇಲ್ಲ.